ಗೃಹವಿಚಾರ: ಅಗ್ಗದ ಪೆಟ್ಟಿಗೆಯ ಹಲ್ಲು ಎಣಿಸುವುದು

ದಾನಕ್ಕೆ ಬಂದ ದನದ ಹಲ್ಲು ಎಣಿಸಿದರಂತೆ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಧರ್ಮಾರ್ಥವಾಗಿ ದೊರೆತ ವಸ್ತುವಿನ ಗುಣದೋಷಗಳನ್ನು ಶೋಧಿಸುತ್ತ ಕುಳಿತುಕೊಳ್ಳುವ ಮನುಷ್ಯನನ್ನು ಅದು ಪರಿಹಾಸ ಮಾಡುತ್ತದೆ. ಆ ಪರಿಹಾಸವು ಯೋಗ್ಯವಾದುದೇ ಸರಿ. ಆದರೆ ಆ ಗಾದೆಯ ಇನ್ನೊಂದು ಮಗ್ಗುಲನ್ನು ನಾವು ಗೃಹಸ್ಥರು ಅನೇಕ ವೇಳೆ ಮರೆತುಬಿಡುತ್ತೇವೆ. ಹಣ ಕೊಟ್ಟು ತರುವ ದನದ ಹಲ್ಲನ್ನು ಎಣಿಸಲೇಬೇಕು. ಸಂತೆಯ ದರಕ್ಕಿಂತ ಕಡಿಮೆಗೆ ಕೊಟ್ಟ ದನದ ಹಲ್ಲನ್ನಂತೂ ಎರಡು ಸಾರಿ ಎಣಿಸಬೇಕು. ಈ ಪುಟದಲ್ಲಿ ಸಾಮಾನ್ಯವಾಗಿ ಕಾಳುಕಡಿ, ಬಟ್ಟೆಬರೆ, ಪಾತ್ರೆಪಗಡಗಳ ವಿಚಾರವನ್ನು ಬರೆಯುತ್ತ ಬಂದಿರುವ ನಾವು ಈ ತಿಂಗಳು ಮಕ್ಕಳ ಒಂದು ಆಟದ ಸಾಮಾನಿನ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ವಾಚಕರು ಬೇಸರಪಡಲಾರರೆಂದು ನಂಬಿದ್ದೇವೆ. ಏಕೆಂದರೆ ಈ ಸಣ್ಣ ವ್ಯವಹಾರದಲ್ಲಿ ನಾವು ಮೋಸಹೋದುದೂ ಉಂಟು, ಇನ್ನೊಬ್ಬರನ್ನು ಮೋಸಗೊಳಿಸುವುದಕ್ಕೆ ಸಿದ್ಧರಾದುದೂ ಉಂಟು.

ಕಳೆದ ಮಾರ್ಗಶಿರ ಹುಣ್ಣಿಮೆಯಂದು ದತ್ತಜಯಂತಿಯ ನಿಮಿತ್ತ ನಾವು ಸಂಸಾರಸಮೇತ ಗಾಣಗಾಪುರಕ್ಕೆ ಹೋಗಿದ್ದೆವು. ಅಫಜಲಪುರ ತಾಲೂಕಿನ ಈ ಕ್ಷೇತ್ರವನ್ನು ನಮ್ಮ ವಾಚಕರಲ್ಲಿ ಹಲವರು ಕಂಡೇ ಇರುವರು. ಭೀಮಾ ಮತ್ತು ಅಮರಜಾ ನದಿಗಳ ಸಂಗಮದಲ್ಲಿ ಮಿಂದು, ಅಲ್ಲಿಯ ಔದುಂಬರ ವೃಕ್ಷಕ್ಕೆ ಪ್ರದಕ್ಷಿಣೆ ಮಾಡಿ, ಊರೊಳಗಿನ ಮಠದಲ್ಲಿ ಶ್ರೀ ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ದರ್ಶನ ಪಡೆದು, ಮಧ್ಯಾಹ್ನದಲ್ಲಿ ಮಾಧುಕರಿ ಬೇಡುವುದು ಇಲ್ಲಿಯ ಪದ್ಧತಿ. ಊರಲ್ಲಿ ಎಷ್ಟೇ ಸ್ಥಿತಿವಂತನಾದರೂ ಇಲ್ಲಿ ಜೋಳಿಗೆ ಹಿಡಿದು ಐದು ಮನೆಗಳ ಮುಂದೆ ನಿಲ್ಲುತ್ತಾನೆ. ಒಂದು ಮನೆಯಲ್ಲಿ ರೊಟ್ಟಿಯ ಚೂರು, ಮತ್ತೊಂದು ಮನೆಯಲ್ಲಿ ಹಿಡಿ ಅನ್ನ. ಬಂದುದನ್ನು ಬಂದ ಹಾಗೆಯೇ ಕಣ್ಣಿಗೊತ್ತಿಕೊಂಡು ಸ್ವೀಕರಿಸತಕ್ಕದ್ದು. ನಮ್ಮ ಹನ್ನೆರಡು ವರುಷದ ಮೊಮ್ಮಗನೂ ಬೇಡಿದನು. ಅವನಿಗೆ ಸಿಕ್ಕ ರೊಟ್ಟಿಯ ಅಂಚು ಕರಕಾಗಿತ್ತು. ಕರಕನ್ನು ಕಿತ್ತುಹಾಕಲು ಹೊರಟವನನ್ನು ಅವನ ಅಜ್ಜಿ, “ಪ್ರಸಾದಕ್ಕ ಹಂಗ ನೋಡಬಾರದಪ್ಪ” ಎಂದು ತಡೆದರು. ಹುಡುಗನು ಸುಮ್ಮನೆ ತಿಂದನು. ಈ ಪಾಠವನ್ನೇ ಮರುದಿನ ನಾವು ಎಲ್ಲಿ ಬಳಸಬಾರದೋ ಅಲ್ಲಿ ಬಳಸಿದೆವು.

ಜಾತ್ರೆಯ ಮರುದಿನ ಬೀದಿಯ ವ್ಯಾಪಾರವನ್ನು ನೋಡಬೇಕು. ಹಿಂದಿನ ಸಂಜೆ ಒಂದು ರೂಪಾಯಿಯನ್ನೂ ಬಿಡದ ಅಂಗಡಿಯವನು ಮರುದಿನ ತಾನಾಗಿಯೇ ಕರೆದು ಅರ್ಧ ಬೆಲೆಗೆ ಕೊಡುತ್ತಾನೆ. ತುತ್ತೂರಿ, ಪ್ಲಾಸ್ಟಿಕ್ಕಿನ ಬಸ್ಸು, ಗಾಳಿಗೆ ತಿರುಗುವ ಗಿರಗಿಟ್ಟಿ ಮೊದಲಾದವುಗಳಿಗೆ ಒಂದು ರಾತ್ರಿಯಲ್ಲಿ ಯಾವ ದೋಷವೂ ಬಂದಿರುವುದಿಲ್ಲ. ಉಳಿದ ಸಾಮಾನನ್ನು ಕಟ್ಟಿ, ಗಾಡಿಗೆ ಹೇರಿ, ಮುಂದಿನ ಊರಿಗೆ ಸಾಗಿಸುವ ಖರ್ಚು ಉಳಿಯಲೆಂದು ಅವನು ಬೆಲೆಯನ್ನು ಇಳಿಸುತ್ತಾನೆ. ಅಂದರೆ ಇಲ್ಲಿ ಅಗ್ಗಕ್ಕೆ ಕಾರಣವು ಮಾರುವವನ ಅನುಕೂಲವೇ ಹೊರತು ವಸ್ತುವಿನ ಊನವಲ್ಲ. ಯಾವ ಅಗ್ಗವನ್ನು ಕಂಡರೂ ಗೃಹಸ್ಥನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಇದೇ: ಈ ಬೆಲೆ ಏಕೆ ಇಳಿಯಿತು? ಕಾರಣವು ಮಾರುವವನಲ್ಲಿದೆಯೋ, ಪೆಟ್ಟಿಗೆಯಲ್ಲಿದೆಯೋ, ಪೆಟ್ಟಿಗೆಯ ಒಳಗಿದೆಯೋ?

ಊರಿಗೆ ಮರಳುವಾಗ ಕಲಬುರಗಿಯಲ್ಲಿ ಬಸ್ಸಿಗೆ ಎರಡು ತಾಸು ಕಾಯಬೇಕಾಯಿತು. ಬಣ್ಣ, ಕುಂಚ, ಕಸೂತಿಯ ದಾರ, ಹಾಳೆ ಮೊದಲಾದ ಕ್ರಾಫ್ಟ್ ಸಾಮಾನುಗಳನ್ನು ಮಾರುವ ಒಂದು ಅಂಗಡಿಗೆ ಹೋದೆವು. ಅಲ್ಲಿ ಮೂಲೆಯ ಕಪಾಟಿನ ಮೇಲೆ ‘ರಿಯಾಯಿತಿ’ ಎಂಬ ಚೀಟಿಯಡಿಯಲ್ಲಿ ಪ್ಲಾಸ್ಟಿಕ್ ಮಾಡೆಲ್ ಕಿಟ್ಟುಗಳ ಕೆಲವು ಪೆಟ್ಟಿಗೆಗಳಿದ್ದವು. ಈ ಕಿಟ್ಟೆಂಬುದು ಏನೆಂದು ತಿಳಿಯದವರಿಗಾಗಿ ಹೇಳುತ್ತೇವೆ. ಇದು ಆಡಲು ಸಿದ್ಧವಾಗಿರುವ ಆಟಿಕೆಯಲ್ಲ. ವಿಮಾನ, ಹಡಗು ಅಥವಾ ಮೋಟಾರಿನ ಬಿಡಿಭಾಗಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹೊಯ್ದು, ಕಡ್ಡಿಗಳ ಚೌಕಟ್ಟಿಗೆ ಕಾಯಿಗೊಂಚಲಿನಂತೆ ಅಂಟಿಕೊಂಡಿರುವಂತೆಯೇ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಪ್ರತಿಯೊಂದು ಭಾಗಕ್ಕೂ ಒಂದು ಅಂಕೆಯಿರುತ್ತದೆ. ಕೊಂಡವನು ಅದನ್ನು ಕತ್ತರಿಸಿ, ಅರದಿಂದ ಉಜ್ಜಿ, ಸೂಚನೆಯ ಹಾಳೆಯಂತೆ ಅಂಟಿಸಿ, ಬಣ್ಣ ಬಳಿದು ಪೂರ್ತಿ ಮಾಡಬೇಕು. ಹುಡುಗರ ಕೈಗೆ ಬಿಗುವನ್ನೂ ಮನಸ್ಸಿಗೆ ತಾಳ್ಮೆಯನ್ನೂ ಕಲಿಸುವ ಈ ಕೆಲಸವನ್ನು ನಾವು ಮೆಚ್ಚುತ್ತೇವೆ.

ಹುಡುಗನ ಕಣ್ಣು ಒಂದು ಪೆಟ್ಟಿಗೆಯ ಮೇಲೆ ನೆಟ್ಟಿತು. ಅದು ಮಿಗ್-21 ಯುದ್ಧವಿಮಾನದ ಮಾದರಿ. 1963ರಿಂದ ನಮ್ಮ ವಾಯುಸೇನೆಯಲ್ಲಿದ್ದ ಈ ವಿಮಾನವು 2025ರ ಸೆಪ್ಟೆಂಬರ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತವಾದ ಸುದ್ದಿಯನ್ನು ಅವನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದನು. ಪೆಟ್ಟಿಗೆಯ ಮೇಲೆ ‘1:72’ ಎಂದಿತ್ತು. ಅಂದರೆ ನಿಜವಾದ ವಿಮಾನದ ಆರು ಅಡಿಗೆ ಮಾದರಿಯಲ್ಲಿ ಒಂದು ಅಂಗುಲ. ಏಳು ಮೀಟರಿಗೆ ತುಸು ಹೆಚ್ಚಾದ ರೆಕ್ಕೆಯ ಅಗಲವು ಇಲ್ಲಿ ಹತ್ತು ಸೆಂಟಿಮೀಟರಿಗೂ ಕಡಿಮೆಯಾಗಿ ಅಂಗೈಯಲ್ಲಿ ಹಿಡಿಯುತ್ತದೆ. ಅಚ್ಚಾದ ಬೆಲೆ 1,200 ರೂಪಾಯಿ. ಮೇಲಂಟಿಸಿದ ಬೆಲೆ 480. “ಒಬ್ಬರು ಒಯ್ದು ವಾಪಸ್ ಕೊಟ್ಟಾರ್ರಿ, ಅದಕ್ಕ ಕಮ್ಮಿ” ಎಂದು ಅಂಗಡಿಯವನು ಮರೆಮಾಚದೆ ಹೇಳಿದನು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿತ್ತು, ಅಂಟುಪಟ್ಟಿಯನ್ನು ಎರಡನೆಯ ಸಾರಿ ಹಚ್ಚಿತ್ತು. ಇದರಿಂದ ಏನು ಕೆಟ್ಟಿತೆಂದು ನಾವು ಬಿಚ್ಚಿ ನೋಡದೆಯೇ ಹಣ ಕೊಟ್ಟೆವು. ಕರಕು ರೊಟ್ಟಿಯನ್ನು ನೋಡಬಾರದೆಂಬ ನಿನ್ನೆಯ ಮಾತು ಕಿವಿಯಲ್ಲಿತ್ತೋ ಏನೋ!

ಪೆಟ್ಟಿಗೆ ಜಜ್ಜಿದರೆ ಕೆಟ್ಟುದೇನೂ ಇಲ್ಲವೆಂಬುದು ತಪ್ಪು ವಿಚಾರವಲ್ಲ. ಈ ಕಿಟ್ಟುಗಳ ಚರಿತ್ರೆಯೇ ಅದಕ್ಕೆ ಸಾಕ್ಷಿ. ಇಂಗ್ಲೆಂಡಿನಲ್ಲಿ 1936ರಲ್ಲಿಯೇ ಫ್ರಾಗ್ ಎಂಬ ಹೆಸರಿನಡಿ ‘ಪೆಂಗ್ವಿನ್’ ಎಂಬ ಪ್ಲಾಸ್ಟಿಕ್ ಕಿಟ್ಟುಗಳು ಬಂದಿದ್ದರೂ ಅವು ಎಲ್ಲರ ಮನೆಯನ್ನು ಮುಟ್ಟಲಿಲ್ಲ. ಹಂಗೆರಿಯಿಂದ ಬಂದ ನಿಕೋಲಸ್ ಕೋವ್ ಎಂಬವರು 1939ರಲ್ಲಿ ಏರ್‌ಫಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯು 1952ರಲ್ಲಿ ‘ಗೋಲ್ಡನ್ ಹೈಂಡ್’ ಎಂಬ ಹಳೆಯ ಹಡಗಿನ ಕಿಟ್ಟನ್ನು ವುಲ್‌ವರ್ತ್ ಅಂಗಡಿಗಳಲ್ಲಿ ಮಾರತೊಡಗಿತು. ಬೆಲೆ ಎರಡು ಶಿಲ್ಲಿಂಗಿಗೆ ಇಳಿಯಲೇಬೇಕಾಗಿದ್ದುದರಿಂದ ಅದನ್ನು ಅಗ್ಗದ ಪಾಲಿಸ್ಟೈರೀನಿನಲ್ಲಿ ಎರಕಹೊಯ್ದು, ಪೆಟ್ಟಿಗೆಯನ್ನೇ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿಗೆ ಒಂದು ಕಾಗದವನ್ನು ಹಚ್ಚಿದರು. ಪೆಟ್ಟಿಗೆಯಿಲ್ಲದ ಆ ಕಿಟ್ಟಿನಿಂದಲೇ ಮುಂದೆ ಲಕ್ಷಾಂತರ ಹುಡುಗರ ಹವ್ಯಾಸವು ಬೆಳೆಯಿತು. ಆದುದರಿಂದ ಪೆಟ್ಟಿಗೆಯು ಹರಿದ ಕಾರಣಕ್ಕಾಗಿ ಬೆಲೆ ಇಳಿದಿದ್ದರೆ ಗೃಹಸ್ಥನು ನಿಶ್ಚಿಂತೆಯಿಂದ ಕೊಳ್ಳಬಹುದು. ನಮ್ಮ ತಪ್ಪು ಪೆಟ್ಟಿಗೆಯನ್ನು ಉಪೇಕ್ಷಿಸಿದುದಲ್ಲ; ಹಿಂದಿರುಗಿ ಬಂದ ಪೆಟ್ಟಿಗೆಯನ್ನು ಜಜ್ಜಿದ ಪೆಟ್ಟಿಗೆಯೆಂದು ಭಾವಿಸಿದುದು.

ಮೂರನೆಯ ದಿನ ಹುಡುಗನು ಬಾಲದ ಭಾಗಕ್ಕೆ ಬಂದನು. ಹಿಂಬದಿಯ ಎರಡು ಕಿರುರೆಕ್ಕೆಗಳಲ್ಲಿ ಎಡಗಡೆಯದು ಇತ್ತು, ಬಲಗಡೆಯದು ಇರಲಿಲ್ಲ. ಪೆಟ್ಟಿಗೆಯನ್ನು ಕೊಡವಿದೆವು, ಜಮಖಾನೆಯನ್ನು ಝಾಡಿಸಿದೆವು, ಕಸಬರಿಗೆಯನ್ನು ಸಹ ಬಿಚ್ಚಿ ನೋಡಿದೆವು. ಕೊನೆಗೆ ಅವನು ಚೌಕಟ್ಟಿನ ಕಡ್ಡಿಯನ್ನು ಬೆಳಕಿಗೆ ಹಿಡಿದು, “ಅಜ್ಜಾ, ಇದು ಮುರದಿದ್ದಲ್ಲ, ಬ್ಲೇಡಿಲೆ ಕೊಯ್ದದ್ದದ” ಎಂದನು. ನಿಜವೇ. ತಾನಾಗಿ ಕಳಚಿದ ಭಾಗದ ಜಾಗವು ಒರಟಾಗಿರುತ್ತದೆ, ಇದು ನುಣ್ಣಗಿತ್ತು. ಯಾರೋ ತಮ್ಮ ಮನೆಯ ವಿಮಾನಕ್ಕೆ ಬೇಕಾದ ಒಂದು ಭಾಗವನ್ನು ಇದರಿಂದ ಕೊಯ್ದುಕೊಂಡು, ಪೆಟ್ಟಿಗೆಗೆ ಮತ್ತೆ ಅಂಟುಪಟ್ಟಿ ಹಚ್ಚಿ, ಹಣವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆದಿದ್ದರು.

ಇಲ್ಲಿಯವರೆಗಿನದು ಮೋಸಹೋದ ಕಥೆ. ಇನ್ನು ಮುಂದಿನದನ್ನು ಬರೆಯುವುದು ನಮಗೆ ಅಷ್ಟು ಸುಲಭವಲ್ಲ. ಅಂಗಡಿಯ ಬಿಲ್ಲಿನಲ್ಲಿ ಏಳು ದಿನಗಳೊಳಗೆ ಬದಲಾಯಿಸಿ ಕೊಡುವುದಾಗಿ ಅಚ್ಚಾಗಿತ್ತು. ಭಾಗವೊಂದು ಇಲ್ಲವೆಂದು ಹೇಳಿದರೆ ನೀವೇ ಕಳೆದಿರಬಹುದೆಂದು ಅಂಗಡಿಯವನು ವಾದಿಸುವನು. ನಮ್ಮಲ್ಲಿ ರುಜುವಾತು ಇರಲಿಲ್ಲ. ಆಗ ನಾವು ಒಂದು ಯುಕ್ತಿ ಹೂಡಿದೆವು. ಅಂಟಿಸಿದುದು ಇನ್ನೂ ಸ್ವಲ್ಪವೇ. ಅದನ್ನು ಕಾಣದಂತೆ ಅಡಿಯಲ್ಲಿಟ್ಟು, ಪೆಟ್ಟಿಗೆಗೆ ಪಟ್ಟಿ ಹಚ್ಚಿ, ಹುಡುಗನಿಗೆ ಸೇರಲಿಲ್ಲವೆಂದು ಹೇಳಿ ಕೊಟ್ಟುಬಿಡುವುದು. ಮೇಲೆ ಮಾತ್ರ ನೋಡಿ ತೆಗೆದುಕೊಳ್ಳುವ ಅಂಗಡಿಯಲ್ಲವೇ ಅದು? ಅಂಟುಪಟ್ಟಿಯನ್ನು ತರಲು ಹುಡುಗನಿಗೇ ಹೇಳಿದೆವು. ಅವನು ತಂದನು, ಆದರೆ ಕೈಗೆ ಕೊಡಲಿಲ್ಲ. “ಹಂಗಾದ್ರ ಮುಂದ ಒಯ್ಯೋ ಹುಡುಗಗೂ ಇದು ಇರಂಗಿಲ್ಲಲ್ಲ ಅಜ್ಜಾ?” ಎಂದು ಕೇಳಿದನು.

ಅದಕ್ಕೆ ನಾವು ಉತ್ತರವನ್ನು ಕೊಡಲಿಲ್ಲ, ಕೊಡಲು ಇರಲಿಲ್ಲ. ಎರಡು ನಿಮಿಷಗಳ ಹಿಂದೆ ಯಾವನನ್ನು ಲಜ್ಜೆಗೇಡಿಯೆಂದು ಬಯ್ದಿದ್ದೆವೋ ಅವನ ಪಕ್ಕದಲ್ಲಿಯೇ ನಾವು ಕೂತಿದ್ದೆವು. ಅವನೂ ಬಹುಶಃ ಕೆಟ್ಟ ಮನುಷ್ಯನಾಗಿರಲಿಕ್ಕಿಲ್ಲ. ಅವನ ಹುಡುಗನ ವಿಮಾನದಲ್ಲಿಯೂ ಯಾವುದೋ ಒಂದು ಭಾಗವು ಕಡಿಮೆ ಬಿದ್ದಿರಬಹುದು. ಹೀಗೆ ಒಂದೇ ಊನವು ಮನೆಯಿಂದ ಮನೆಗೆ, ಹುಡುಗನಿಂದ ಹುಡುಗನಿಗೆ, ಪ್ರತಿ ಸಾರಿಯೂ ಹೊಸ ಅಂಟುಪಟ್ಟಿಯನ್ನು ಹೊದ್ದು ಸಂಚರಿಸುತ್ತದೆ.

ಮರುದಿನ ಕಲಬುರಗಿಗೆ ಹೋಗಿ ಇದ್ದುದನ್ನು ಇದ್ದ ಹಾಗೆಯೇ ಹೇಳಿದೆವು. ನಾವು ಭಾವಿಸಿದ್ದಂತೆಯೇ ಅಂಗಡಿಯವನು, “ನೀವೇ ಕಳದಿಲ್ಲಂತ ಹೆಂಗ ತಿಳೀಬೇಕ್ರಿ ಕಾಕಾ?” ಎಂದನು. ಕೊಯ್ದ ಜಾಗವನ್ನು ತೋರಿಸಿದೆವು. ಅವನು ಸ್ವಲ್ಪ ಹೊತ್ತು ನೋಡಿ, “ಪೆಟ್ಟಗಿ ನೋಡಿ ವಾಪಸ್ ತೊಗೊಂಡೀವ್ರಿ. ಒಳಗಿಂದು ಎಣಿಸ್ಕೋತ ಕೂಡಲಿಕ್ಕ ಮಂದಿ ಎಲ್ಲಿದ್ದಾರ?” ಎಂದು ಹೇಳಿ, ಪೂರ್ತಿ ಹಣವನ್ನಾಗಲಿ ನೂರು ರೂಪಾಯಿಯನ್ನಾಗಲಿ ಮರಳಿ ಕೊಡಲು ಒಪ್ಪಿದನು. ಹುಡುಗನು ಪೆಟ್ಟಿಗೆಯನ್ನು ಬಿಡಲು ಒಪ್ಪದ ಕಾರಣ ನೂರು ರೂಪಾಯಿಯನ್ನು ತೆಗೆದುಕೊಂಡು ಬಂದೆವು.

ವಾಚಕರ ಉಪಯೋಗಕ್ಕಾಗಿ ಕಾಯದೆಯ ಮಾತೊಂದನ್ನು ಇಲ್ಲಿ ಹೇಳಬೇಕು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯದೆಯ ಪ್ರಕಾರ ಬಿಲ್ಲನ್ನು ಕೊಡದಿರುವುದೂ, ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದೂ ಅನುಚಿತ ವ್ಯಾಪಾರವೆನಿಸುತ್ತದೆ. ಸಹಾಯಕ್ಕೆ 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಆದರೆ ಮಾರುವವನು ದೋಷವನ್ನು ಮೊದಲೇ ತಿಳಿಸಿ, ಅದಕ್ಕಾಗಿಯೇ ಬೆಲೆ ಇಳಿಸಿ, ಕೊಳ್ಳುವವನು ತಿಳಿದೇ ಕೊಂಡರೆ ಅಲ್ಲಿ ಮೋಸವೆಲ್ಲಿಯದು? ಆದುದರಿಂದ ರಿಯಾಯಿತಿಯ ಸಾಮಾನನ್ನು ಕೊಳ್ಳುವಾಗ ಕಡಿಮೆ ಏನಿದೆಯೆಂಬುದನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಇದಲ್ಲದೆ, ಹದಿನಾಲ್ಕು ವರುಷದೊಳಗಿನ ಮಕ್ಕಳಿಗೆಂದು ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಮುದ್ರೆಯು ಕಡ್ಡಾಯವಾಗಿದೆ; ಬೆಲೆ ಎಷ್ಟೇ ಇಳಿದಿದ್ದರೂ ಆ ಮುದ್ರೆಯನ್ನು ನೋಡತಕ್ಕದ್ದು.

ಇನ್ನು ಪರೀಕ್ಷಿಸುವ ಕ್ರಮವನ್ನು ಹೇಳುತ್ತೇವೆ. ಅಂಗಡಿಯಲ್ಲಿಯೇ ಪೆಟ್ಟಿಗೆಯನ್ನು ಬಿಚ್ಚಲು ಅನುಮತಿ ಕೇಳಬೇಕು. ಒಮ್ಮೆ ತೆರೆದು ಹಿಂದಿರುಗಿದ ಪೆಟ್ಟಿಗೆಯನ್ನು ಬಿಚ್ಚಲು ಬಿಡದವರಲ್ಲಿ ಕೊಳ್ಳದಿರುವುದೇ ಲೇಸು. ಮೊದಲು ಸೂಚನೆಯ ಹಾಳೆಯನ್ನು ಹುಡುಕಿರಿ. ಅದರಲ್ಲಿ ಎಲ್ಲ ಚೌಕಟ್ಟುಗಳ ನಕ್ಷೆಯೂ ಇರುವುದುಂಟು. ನಕ್ಷೆಯ ಮೇಲೆ ಬೆರಳಿಟ್ಟು ಒಂದೊಂದು ಅಂಕೆಯನ್ನೂ ಎಣಿಸಿರಿ. ಹಾಳೆಯೇ ಇಲ್ಲದಿದ್ದರೆ ಗಾಬರಿಯಾಗಬೇಕಾಗಿಲ್ಲ, ಅನೇಕ ತಯಾರಕರ ಸೂಚನೆಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಖಾಲಿಯಾದ ಜಾಗಗಳಿದ್ದರೆ ಕಳಚಿದ ಭಾಗವು ಚೀಲದ ತಳದಲ್ಲಿದೆಯೇ ಎಂದು ನೋಡಿರಿ. ಬಳಿಕ ವಿಮಾನಚಾಲಕನ ಗೂಡಿನ ಪಾರದರ್ಶಕ ಮುಚ್ಚಳವನ್ನು ಬೆಳಕಿಗೆ ಹಿಡಿಯಿರಿ. ಮಿಕ್ಕ ಯಾವ ಊನವನ್ನಾದರೂ ಬಣ್ಣದಿಂದ ಮುಚ್ಚಬಹುದು. ಗೀರುಬಿದ್ದ ಗಾಜಿನಂಥ ಈ ಭಾಗವನ್ನು ಮುಚ್ಚಲಾಗದು. ನೀರಿನಲ್ಲಿ ನೆನೆಯಿಸಿ ಅಂಟಿಸತಕ್ಕ ಚಿತ್ರಪಟ್ಟಿಯು ಹಳದಿಯಾಗಿದೆಯೇ, ಬಿರುಕುಬಿಟ್ಟಿದೆಯೇ ನೋಡಿರಿ. ಹಳದಿಯಾಗಿದ್ದರೆ ಕೆಲವು ದಿನ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ, ಬಿರುಕುಬಿಟ್ಟಿದ್ದರೆ ನೀರಿನಲ್ಲಿ ಚೂರುಚೂರಾಗುತ್ತದೆ. ನಮ್ಮ ಸೀಮೆಯ ಬೇಸಗೆಯು ನಲವತ್ತು ಡಿಗ್ರಿಯನ್ನು ದಾಟುವುದರಿಂದ, ಬಹುಕಾಲ ಕಪಾಟಿನಲ್ಲಿದ್ದ ಪೆಟ್ಟಿಗೆಯೊಳಗಿನ ಅಂಟಿನ ಕೊಳವೆಯು ಒಣಗಿರುತ್ತದೆಂದೇ ಲೆಕ್ಕ ಹಾಕಿಕೊಳ್ಳಬೇಕು. ಕೊನೆಯದಾಗಿ, ಉದ್ದವಾದ ಭಾಗಗಳು ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ಮೆಲ್ಲಗೆ ನೇರಮಾಡಬಹುದು. ಆದರೆ ಕುದಿಯುವ ನೀರು ಬೇಡ, ಪ್ಲಾಸ್ಟಿಕ್ಕು ಮೆತ್ತಗಾಗಿ ಆಕಾರ ಕೆಡುತ್ತದೆ.

ಲೆಕ್ಕದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಹೆಚ್ಚಿನ ಕಿಟ್ಟುಗಳ ಪೆಟ್ಟಿಗೆಯಲ್ಲಿ ಅಂಟೂ ಬಣ್ಣವೂ ಇರುವುದಿಲ್ಲ. ನಮ್ಮ ಪೆಟ್ಟಿಗೆಗೆ ಕೊನೆಗೆ ತಗಲಿದ್ದು 380 ರೂಪಾಯಿಯಾದರೂ ಅಂಟು, ಅರ, ಮೂರು ಬಣ್ಣಗಳಿಗೆ ಮತ್ತೆ 420 ರೂಪಾಯಿ ಸಂದಿತು. ಹೊಸದನ್ನು ಕೊಂಡಿದ್ದರೂ ಈ 420 ತಪ್ಪುತ್ತಿರಲಿಲ್ಲ. ಹೀಗಿರುವಾಗ, ಮೊದಲ ಸಾರಿ ಇಂಥದನ್ನು ಮುಟ್ಟುವ ಹುಡುಗನಿಗೆ ಊನವುಳ್ಳ ಪೆಟ್ಟಿಗೆಯನ್ನು ಕೊಡಿಸುವುದು ಹಿತವಲ್ಲವೆಂದು ನಮ್ಮ ಅಭಿಪ್ರಾಯ. ಅರ್ಧಕ್ಕೆ ನಿಂತ ಕೆಲಸವು ಅವನಿಗೆ ತನ್ನ ಕೈಯ ದೋಷವೆಂದೇ ತೋರುತ್ತದೆ. ಎರಡು ಮೂರನ್ನು ಪೂರ್ತಿ ಮಾಡಿದ ಕೈಗೆ ಮಾತ್ರ ಊನವೂ ಒಂದು ಪಾಠವಾದೀತು.

ಆ ಪಾಠವನ್ನು ನಮ್ಮ ಹುಡುಗನು ಕಲಿತ ರೀತಿಯನ್ನು ಹೇಳಿ ಮುಗಿಸುತ್ತೇವೆ. ಚನ್ನಪಟ್ಟಣದ ಮರದ ಆಟಿಕೆಗೆ ಒಂದು ಗಾಲಿ ಹೋದರೆ ಅಲ್ಲಿಯ ಕುಶಲಿಯು ಇನ್ನೊಂದನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣವನ್ನು ಒತ್ತಿ ಮಾಡಿಕೊಟ್ಟಾನು. ಎಲ್ಲಿಯೋ ಅಚ್ಚಾದ ಪ್ಲಾಸ್ಟಿಕ್ಕಿನ ಭಾಗಕ್ಕೆ ಅಂಥ ಅನುಕೂಲವಿಲ್ಲ. ಕೆಲವು ತಯಾರಕರು ಬರೆದು ಕೇಳಿದರೆ ಬಿಡಿಭಾಗವನ್ನು ಕಳಿಸುವುದುಂಟು. ಆದರೆ ಹುಡುಗನಿಗೆ ಅಷ್ಟು ದಿನ ಕಾಯುವ ಮನಸ್ಸಿರಲಿಲ್ಲ. ಅವನು ಎಡಗಡೆಯ ಕಿರುರೆಕ್ಕೆಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದನು, ಕಾಗದವನ್ನು ಮಗುಚಿ ಬಲಗಡೆಯ ಆಕಾರವನ್ನು ಪಡೆದನು. ಮೊಸರಿನ ಖಾಲಿ ಡಬ್ಬಿಯ ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿದ ಮೊದಲನೆಯದು ತೆಳುವಾಗಿ ಬಾಗಿತು. ಎರಡು ಪದರಗಳನ್ನು ಅಂಟಿಸಿ ಮಾಡಿದ ಎರಡನೆಯದು ಅರಕ್ಕೆ ಸಿಕ್ಕಿ ಮುರಿಯಿತು. ಮೂರನೆಯದು ನಿಂತಿತು. ಸಂದುಗಳನ್ನು ತುಂಬಲು ಅವನು ಉಳಿದ ಕಡ್ಡಿಯ ಚೂರುಗಳನ್ನು ಅಂಟಿನಲ್ಲಿ ಕರಗಿಸಿ ಮೆತ್ತಿದನು. ಏಕೆಂದರೆ ಈ ಅಂಟು ಗೋಂದಿನಂತೆ ನಡುವೆ ನಿಲ್ಲತಕ್ಕದ್ದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯತಕ್ಕದ್ದು. ಅದರ ಆವಿಯು ತಲೆಗೇರುವುದರಿಂದ ಕಿಟಕಿಯನ್ನು ತೆರೆದಿಟ್ಟು ಮಾಡಿಸಿದೆವು. ಈಗ ಆ ವಿಮಾನವು ನಮ್ಮ ಪಡಸಾಲೆಯ ಗೂಡಿನಲ್ಲಿ ನಿಂತಿದೆ. ಬಲಗಡೆಯ ಕಿರುರೆಕ್ಕೆಯು ಎಡಗಡೆಯದಕ್ಕಿಂತ ಕೂದಲೆಳೆಯಷ್ಟು ದಪ್ಪ. ನೋಡಲು ಬಂದವರಿಗೆಲ್ಲ ಅವನು ಮೊದಲು ತೋರಿಸುವುದು ಅದನ್ನೇ.

ಗೃಹಸ್ಥರೇ, ರಿಯಾಯಿತಿಯ ಕಪಾಟನ್ನು ಕಂಡು ಮುಖ ತಿರುಗಿಸಬೇಕೆಂದು ನಾವು ಹೇಳುವುದಿಲ್ಲ. ಮಿತವ್ಯಯವು ಸದ್ಗುಣವೇ. ಬೇಡಿ ಪಡೆಯುವಾಗ ನೋಡಬೇಡಿರಿ, ಕೊಳ್ಳುವಾಗ ನೋಡಿರಿ. ಮತ್ತು ಹಿಂದಕ್ಕೆ ಕೊಡಬೇಕಾಗಿ ಬಂದರೆ, ಒಳಗೆ ಏನು ಕಡಿಮೆಯಿದೆಯೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ ಕೊಡಿರಿ. ಹುಡುಗನು ಅಂದು ತಂದ ಅಂಟುಪಟ್ಟಿಯು ಇನ್ನೂ ನಮ್ಮ ಮೇಜಿನ ಮೇಲಿದೆ. ಅದರ ಸದುಪಯೋಗವು ಅಷ್ಟೇ ಎಂದು ಈಗ ನಮಗೆ ತೋರುತ್ತದೆ.